ದಿನದ ಬಾಡಿಗೆ, ತಿಂಗಳ ಬಾಡಿಗೆ

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಷ್ಟಪಟ್ಟು ಒಂದಷ್ಟು ದುಡ್ಡು ಕೂಡಿಟ್ಟಿದ್ದಾನೆ. ಈಚೆಗೆ ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಮಾತು. "ಚಿಕ್ಕಮ್ಮ, ಸವಳಂಗ ರಸ್ತೆ ಕಡೆ ಒಂದು ಮನೆ ನೋಡು. ಕಾಲೇಜಿಗೆ ಹತ್ತಿರ ಇರಲಿ. ತಿಂಗಳ ಬಾಡಿಗೆಗೆ ಕೊಡೋದು ಬೇಡ, ದಿನದ ಲೆಕ್ಕದಲ್ಲಿ ಬಿಡೋಣ. ಆ್ಯಪ್‌ಗೆ ಹಾಕಿದರೆ ಆಯ್ತು, ಜನ ತಾವಾಗೇ ಬರ್ತಾರೆ." ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ನಮ್ಮೂರು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಬಹಳ ವರ್ಷ ಸಾಲದ ಟೇಬಲ್‌ನಲ್ಲಿ ಕೂತವಳು ನಾನು. ಮನೆ ಕಟ್ಟೋರ ಆಸೆಯನ್ನೂ ನೋಡಿದ್ದೇನೆ, ಕಂತು ಕಟ್ಟಲಾಗದೆ ಬಂದು ಕೂತವರ ಮುಖವನ್ನೂ ನೋಡಿದ್ದೇನೆ. ನವುಲೆ ಹತ್ತಿರ ಇರುವ ನಮ್ಮ ಮನೆಯ ಮಹಡಿಯನ್ನು ಮೊದಲಿನಿಂದಲೂ ವಿದ್ಯಾರ್ಥಿಗಳಿಗೇ ಕೊಡುತ್ತಾ ಬಂದಿದ್ದೇವೆ. ಹಾಗಾಗಿ ಅವನ ಪ್ರಶ್ನೆಗೆ ಸುಮ್ನೆ ಬಾಯಿಗೆ ಬಂದದ್ದು ಹೇಳಲು ಮನಸ್ಸಾಗಲಿಲ್ಲ. ಕೂತು ಯೋಚಿಸಿದೆ. ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇಂಥ ಪ್ರಶ್ನೆ ಕೇಳುವವನು ಅವನೊಬ್ಬನೇ ಅಲ್ಲ. ನಮ್ಮ ಬೀದಿಯಲ್ಲೇ ಈಗ ವಿದ್ಯಾರ್ಥಿಗಳ ರೂಮುಗಳು ಒಂದೊಂದಾಗಿ ದಿನಬಾಡಿಗೆ ಮನೆಗಳಾಗುತ್ತಿವೆ.

ಅವನ ಆಸೆಗೆ ಕಾರಣ ಇಲ್ಲ ಅಂತಲ್ಲ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ಕೊನೆಗೆ ವಿಮಾನ ಹಾರಾಟವೂ ಶುರುವಾಯಿತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಲಾಂಚ್‌ಗೆ ಕಾಯುತ್ತಾ ಹಿನ್ನೀರಿನ ದಡದಲ್ಲಿ ನಿಲ್ಲುವ ಕಾಲ ಮುಗಿಯಿತು. ಜೋಗ, ಸಕ್ರೆಬೈಲು, ಆಗುಂಬೆ ಅಂತ ಬರುವವರ ಕಾರುಗಳು ಶನಿವಾರ ಬೆಳಿಗ್ಗೆ ಊರೊಳಗೆ ಸಾಲುಗಟ್ಟುತ್ತವೆ. ಇತ್ತ ಜೆಎನ್‌ಎನ್‌ಸಿ ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ಸಹ್ಯಾದ್ರಿ ಕಾಲೇಜು, ಕೃಷಿ ಕಾಲೇಜು, ಲೆಕ್ಕವಿಲ್ಲದಷ್ಟು ನರ್ಸಿಂಗ್ ಕಾಲೇಜುಗಳು. ಬೆಂಗಳೂರಿನಲ್ಲಿ ಕೂತು ನೋಡುವವನಿಗೆ ಎರಡೂ ಕೂಡಿ ಚಿನ್ನದ ಗಣಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಊರು ತುಂಬುವ ದಿನಗಳು

ಇಲ್ಲೇ ಮೊದಲು ಸ್ವಲ್ಪ ನಿಧಾನಿಸಬೇಕು. ಜೋಗ ನೋಡಲು ಬರುವವರು ಶಿವಮೊಗ್ಗದಲ್ಲಿ ಯಾಕೆ ಉಳಿಯಬೇಕು? ಇಲ್ಲಿಂದ ಜೋಗಕ್ಕೆ ಸುಮಾರು 100 ಕಿಲೋಮೀಟರ್. ಸಾಗರದಿಂದಾದರೆ 30. ಆಗುಂಬೆಗೆ ಹೋಗುವವರಿಗೆ ತೀರ್ಥಹಳ್ಳಿ ಕಡೆಯೇ ಬೇಕಾದಷ್ಟು ಹೋಮ್‌ಸ್ಟೇಗಳಿವೆ. ತೋಟದ ನಡುವಿನ ಮನೆ, ಹಳ್ಳದ ಸದ್ದು, ಬಿಸಿ ಕಡುಬು ಬಿಟ್ಟು ಸವಳಂಗ ರಸ್ತೆಯ ಬಸ್ಸಿನ ಹಾರ್ನ್ ಕೇಳುತ್ತಾ ಮಲಗಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ. ಪ್ರವಾಸಿಗರಿಗೆ ನಮ್ಮೂರು ಹಾದುಹೋಗುವ ಊರು. ರಾತ್ರಿ ರೈಲಿನಲ್ಲಿ ಬಂದು ಬೆಳಗಿನ ಜಾವ ಇಳಿದು, ಮುಖ ತೊಳೆದು, ತಿಂಡಿ ತಿಂದು ಗಾಡಿ ಹತ್ತುತ್ತಾರೆ. ಅವರಿಗೆ ಬೇಕಾದದ್ದು ಎರಡು ಗಂಟೆಯ ರೂಮು. ಅದಕ್ಕೆ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಲಾಡ್ಜ್‌ಗಳಿವೆ.

ಹಾಗಾದರೆ ಕಾಲೇಜಿನ ಹತ್ತಿರದ ಮನೆಗೆ ದಿನದ ಲೆಕ್ಕದಲ್ಲಿ ಬರುವವರು ಯಾರು? ಅಡ್ಮಿಷನ್‌ಗೆ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವ ಲೆಕ್ಚರರ್‌ಗಳು. ಭಾನುವಾರದ ನೇಮಕಾತಿ ಪರೀಕ್ಷೆಗೆ ಬೇರೆ ಜಿಲ್ಲೆಯಿಂದ ಬರುವ ಹುಡುಗರು. ಪದವಿ ಪ್ರದಾನದ ದಿನ ಬರುವ ಕುಟುಂಬಗಳು. ಮದುವೆಗೆ ಬಂದ ನೆಂಟರು. ಇವರೆಲ್ಲ ಬರೋದು ನಿಜ. ಆದರೆ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಹೋಗುತ್ತಾರೆ. ಒಂದು ವಾರ ಇಡೀ ನವುಲೆಯಲ್ಲಿ ಒಂದು ಹಾಸಿಗೆಯೂ ಖಾಲಿ ಇರುವುದಿಲ್ಲ. ಮುಂದಿನ ಮೂರು ವಾರ ಕೇಳುವವರೇ ಇರುವುದಿಲ್ಲ. ಅಡ್ಮಿಷನ್ ಭರಾಟೆ ಇರುವುದು ಮಳೆಗಾಲದಲ್ಲಿ, ಜೋಗ ತುಂಬಿ ಧುಮುಕುವುದೂ ಅದೇ ಮಳೆಗಾಲದಲ್ಲಿ. ಎರಡು ಬೇರೆ ಬೇರೆ ಸೀಸನ್ ಇದ್ದರೆ ವರ್ಷದ ಎರಡು ಭಾಗ ತುಂಬುತ್ತಿತ್ತು. ಇಲ್ಲಿ ಎರಡೂ ಒಂದರ ಮೇಲೊಂದು ಬರುತ್ತವೆ. ಜನವರಿ, ಫೆಬ್ರವರಿಯ ಒಂದು ಮಂಗಳವಾರ ಆ ಮನೆಗೆ ಯಾರು ಬರುತ್ತಾರೆ ಅಂತ ಕೇಳಿದರೆ ನನ್ನ ಅಕ್ಕನ ಮಗನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಮಾತು. ಕಾಲೇಜಿನ ಊರು ಅಂದರೆ ಎಲ್ಲವೂ ಒಂದೇ ಅಲ್ಲ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗಿದ್ದು. ಅದಿರುವುದು ಶಂಕರಘಟ್ಟದಲ್ಲಿ, ಭದ್ರಾ ಕಾಡಿನ ಅಂಚಿನಲ್ಲಿ. ಅಲ್ಲಿ ಹಾಸ್ಟೆಲ್‌ಗಳು ಆವರಣದ ಒಳಗೇ ಇವೆ. ಹೊರಗೆ ಮನೆ ಮಾಡಿದರೆ ಬಾಡಿಗೆಗೆ ಬರೋರು ಕಡಿಮೆ. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನವುಲೆಯಲ್ಲಿ ಶುರುವಾಯಿತು, ಅದರ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಎದ್ದಿತು. ಒಂದು ಸಂಸ್ಥೆಯನ್ನು ನಂಬಿ 20 ವರ್ಷದ ಸಾಲ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಟ್ಟಡ ಎದ್ದು ಹೋಗುವುದಿಲ್ಲ, ಆದರೆ ಒಂದು ಕೋರ್ಸ್ ಹೋಗಬಹುದು, ಸೀಟು ಕಡಿಮೆಯಾಗಬಹುದು, ಕಾಲೇಜೇ ದೊಡ್ಡ ಹಾಸ್ಟೆಲ್ ಕಟ್ಟಬಹುದು.

ಕಾಗದದ ಮೇಲೆ

ಅವನಿಗೆ ಲೆಕ್ಕ ಅಂದರೆ ಇಷ್ಟ. ಹಾಗಾಗಿ ಒಂದು ರಾತ್ರಿ ಫೋನಿನಲ್ಲೇ ಇಬ್ಬರೂ ಲೆಕ್ಕ ಹಾಕಿದೆವು. ಎರಡು ಬೆಡ್‌ರೂಮಿನ ಒಂದು ಮಹಡಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನ ವಿದ್ಯಾರ್ಥಿಗಳು, ತಲೆಗೆ 3,500 ರೂಪಾಯಿ. ತಿಂಗಳಿಗೆ 14,000. ಕರೆಂಟು ಅವರೇ ಕಟ್ಟುತ್ತಾರೆ, ಗುಡಿಸಿ ಒರೆಸೋದು ಅವರೇ. ಅದೇ ಮಹಡಿಯನ್ನು ದಿನಕ್ಕೆ 1,800ಕ್ಕೆ ಬಿಟ್ಟರೆ? ಅವನು ಥಟ್ಟನೆ 30ರಿಂದ ಗುಣಿಸಿ 54,000 ಅಂದ. "ಮಾರಾಯ, 30 ರಾತ್ರಿ ಯಾವ ಲಾಡ್ಜೂ ತುಂಬಲ್ಲ, 10 ರಾತ್ರಿ ಹಿಡಿ" ಅಂದೆ. 18,000 ಬಂತು. ಅದರಲ್ಲಿ ಆ್ಯಪ್‌ನವರ ಕಮಿಷನ್ ನೂರಕ್ಕೆ 15 ಅಂತ ಹಿಡಿದರೆ 2,700 ಹೋಯಿತು. ಹತ್ತು ರಾತ್ರಿಗೆ ಏಳು ಸಲ ಜನ ಬದಲಾದರು ಅಂದುಕೊಳ್ಳಿ. ಪ್ರತಿ ಸಲ ಮನೆ ಕ್ಲೀನ್ ಮಾಡಿಸಿ, ಬೆಡ್‌ಶೀಟು, ಟವೆಲ್ ಒಗೆಸೋಕೆ 350. ಅಲ್ಲಿ 2,450. ಕರೆಂಟು, ಇಂಟರ್ನೆಟ್, ಗ್ಯಾಸು, ಸೋಪು, ಕುಡಿಯುವ ನೀರು ಎಲ್ಲ ಸೇರಿ 3,000. ಕೈಯಲ್ಲಿ ಉಳಿದದ್ದು 9,850. ವಿದ್ಯಾರ್ಥಿಗಳು ಸುಮ್ಮನೆ ತಂದು ಕೊಡುತ್ತಿದ್ದದ್ದಕ್ಕಿಂತ ನಾಲ್ಕು ಸಾವಿರ ಕಡಿಮೆ. ಸರಿಸಮ ಆಗಬೇಕಾದರೆ ತಿಂಗಳಿಗೆ 14 ರಾತ್ರಿ ತುಂಬಬೇಕು. ಅದೂ ಪ್ರತಿ ತಿಂಗಳು. ಮಂಚ, ಹಾಸಿಗೆ, ಟಿವಿ, ಫ್ರಿಜ್‌ಗೆ ಮೊದಲೇ ಹಾಕುವ ಎರಡು ಮೂರು ಲಕ್ಷ ಈ ಲೆಕ್ಕದಲ್ಲಿ ಇಲ್ಲ.

ಸರ್ಕಾರದ ಲೆಕ್ಕವೂ ಬೇರೆ. ಮನೆಬಾಡಿಗೆ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ನೂರಕ್ಕೆ 30 ಹಾಗೇ ಕಳೆಯಲು ಬಿಡುತ್ತಾರೆ, ರಸೀದಿ ಕೇಳುವುದಿಲ್ಲ. ಬೆಡ್‌ಶೀಟು, ಕ್ಲೀನಿಂಗು ಅಂತ ಸೇವೆ ಕೊಟ್ಟು ದಿನದ ಲೆಕ್ಕದಲ್ಲಿ ಬಿಟ್ಟರೆ ಅದು ಸಾಮಾನ್ಯವಾಗಿ ವ್ಯಾಪಾರದ ಆದಾಯ ಆಗುತ್ತದೆ. ಆಗ ಪ್ರತಿ ಖರ್ಚಿಗೂ ಬಿಲ್ ಇಟ್ಟುಕೊಳ್ಳಬೇಕು. ಜಿಎಸ್‌ಟಿಯಲ್ಲಿ 2024ರ ಜುಲೈನಿಂದ ಹಾಸ್ಟೆಲ್, ಪಿಜಿಯವರಿಗೆ ಒಂದು ಒಳ್ಳೆಯ ವಿನಾಯಿತಿ ಇದೆ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಒಳಗಿದ್ದು, ಅವರು ಕನಿಷ್ಠ 90 ದಿನ ಸತತವಾಗಿ ಉಳಿದರೆ ತೆರಿಗೆ ಇಲ್ಲ. ಒಂದು ರಾತ್ರಿಗೆ ಬಂದು ಹೋಗುವವರಿಗೆ ಆ ರಿಯಾಯಿತಿ ಸಿಗುವುದಿಲ್ಲ. ನಾವು ಸಣ್ಣವರು, ನೋಂದಣಿಯ ಮಿತಿಯ ಒಳಗಿದ್ದೇವೆ ಅಂದರೂ, ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ಆ್ಯಪ್‌ನವರೇ ತೆರಿಗೆ ಕಟ್ಟಬೇಕು. ಅದನ್ನು ಅವರು ಅತಿಥಿಯ ಬಿಲ್ಲಿಗೇ ಸೇರಿಸುತ್ತಾರೆ.

ಇನ್ನು ಕರೆಂಟು ಕೊಡುವ ಮೆಸ್ಕಾಂ. ಮನೆಯಲ್ಲಿ ವ್ಯಾಪಾರ ಅಂತಾದರೆ ಮೀಟರ್ ವಾಣಿಜ್ಯ ದರಕ್ಕೆ ಹೋಗಬೇಕು. 2023ರಿಂದ ಬಾಡಿಗೆದಾರರಿಗೂ ಸಿಗುತ್ತಿರುವ ಗೃಹಜ್ಯೋತಿಯ ಉಚಿತ ಕರೆಂಟು ಅಲ್ಲಿಗೆ ನಿಂತಿತು. ಹೋಮ್‌ಸ್ಟೇ ಅಂತ ಬೋರ್ಡು ಹಾಕಿಬಿಟ್ಟರಾಯಿತು ಅಂತ ಕೆಲವರು ಅಂದುಕೊಂಡಿದ್ದಾರೆ. ಹೋಮ್‌ಸ್ಟೇ ಅಂದರೆ ಮನೆಯವರು ಇರುವ ಮನೆ. ಅದಕ್ಕೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಫಾರ್ಮ್ ಸಿ ತುಂಬಿ ಕಳಿಸಬೇಕು. ಬೆಂಗಳೂರಿನಲ್ಲಿ ಕೂತ ಮಾಲೀಕ, ಬಾಗಿಲಿಗೆ ನಂಬರ್ ಒತ್ತುವ ಬೀಗ, ಒಳಗೆ ಯಾರೋ ನಾಲ್ಕು ಜನ. ಅದನ್ನು ಏನಂತ ಕರೆದರೂ ಹೋಮ್‌ಸ್ಟೇ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

2020ರ ಮಾರ್ಚ್

ಸಾಲದ ಮಾತು ಬಂದಾಗಲೆಲ್ಲ ನನಗೆ ಆ ತಿಂಗಳು ನೆನಪಾಗುತ್ತದೆ. ಕಾಲೇಜುಗಳಿಗೆ ರಜೆ ಅಂತ ಹೇಳಿದ್ದು ಒಂದು ಶುಕ್ರವಾರ. ಒಂದೆರಡು ವಾರ ಅಷ್ಟೇ ಅಂತ ಎಲ್ಲರೂ ಅಂದುಕೊಂಡಿದ್ದರು. ನಮ್ಮ ಮಹಡಿಯ ಹುಡುಗಿಯರು ಒಂದು ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು "ಆಂಟಿ, ಯುಗಾದಿ ಮುಗಿಸಿ ಬರ್ತೀವಿ" ಅಂತ ಹೋದರು. ಬಕೆಟ್ಟು, ಪುಸ್ತಕ, ಒಲೆ ಮೇಲಿಟ್ಟ ಕುಕ್ಕರ್ ಎಲ್ಲ ಹಾಗೇ ಬಿಟ್ಟು ಹೋದರು. ಆಮೇಲೆ ಲಾಕ್‌ಡೌನ್ ಬಂತು. ಊರಿಗೆ ಊರೇ ಖಾಲಿ. ಬ್ಯಾಂಕ್ ಮಾತ್ರ ತೆರೆದಿತ್ತು. ಪಿಜಿ ಕಟ್ಟಲು ಸಾಲ ತೆಗೆದುಕೊಂಡವರು ಒಬ್ಬೊಬ್ಬರೇ ಬರತೊಡಗಿದರು. ರಿಸರ್ವ್ ಬ್ಯಾಂಕ್ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಅದನ್ನು ಕೇಳಿ ಬಂದವರಿಗೆ ನಾನು ಒಂದು ವಿಷಯ ಬಿಡಿಸಿ ಹೇಳಬೇಕಾಗುತ್ತಿತ್ತು. ಕಂತು ಮುಂದಕ್ಕೆ ಹೋಗುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಹೇಳಿದಾಗ ಅವರ ಮುಖ ಇಳಿದುಹೋಗುತ್ತಿತ್ತು. ಅದನ್ನು ದಿನವೂ ನೋಡುವುದು ಸುಲಭವಾಗಿರಲಿಲ್ಲ.

ಅವರಲ್ಲಿ ಒಬ್ಬರು ಮೂರು ಮಹಡಿ ಎಬ್ಬಿಸಿದ್ದರು. ಕೆಳಗಿನ ಎರಡು ಮಹಡಿ ವಿದ್ಯಾರ್ಥಿಗಳಿಗೆ, ಮೇಲಿನದು ದಿನದ ಬಾಡಿಗೆಗೆ. ಮೇಲಿನ ಮಹಡಿಯಿಂದ ಆ ವರ್ಷ ತಿಂಗಳುಗಟ್ಟಲೆ ಒಂದು ರೂಪಾಯಿಯೂ ಬರಲಿಲ್ಲ. ಕೆಳಗಿನ ಮಹಡಿಗಳಿಂದ ಸ್ವಲ್ಪ ಬಂತು. ಹುಡುಗರ ಸಾಮಾನು ಒಳಗಿತ್ತು. ಅವರಪ್ಪಂದಿರು ಫೋನ್ ಮಾಡಿ, "ಪೂರ್ತಿ ಕೊಡಕ್ಕಾಗಲ್ಲ ಸಾರ್, ಅರ್ಧ ಹಾಕ್ತೀವಿ, ರೂಮು ಬೇರೆಯವರಿಗೆ ಕೊಡಬೇಡಿ" ಅಂದಿದ್ದರಂತೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮನೆಯವರು ಅರ್ಧವೂ ಬೇಡ ಅಂದರು, ಆದರೂ ಇಬ್ಬರು ಕಳಿಸಿದರು. ಒಂದು ರಾತ್ರಿಗೆ ಬಂದು ಹೋದವರು ಹಾಗೆ ಫೋನ್ ಮಾಡುತ್ತಾರಾ? ಅವರದೇನೂ ತಪ್ಪಲ್ಲ, ಅವರಿಗೂ ನಮಗೂ ಇದ್ದ ಸಂಬಂಧ ಅಷ್ಟೇ. ಬಾಡಿಗೆ ಅನ್ನೋದರಲ್ಲಿ ದುಡ್ಡಿನ ಜೊತೆ ಒಂದು ಪರಿಚಯವೂ ಇರುತ್ತದೆ. ಕಷ್ಟ ಬಂದಾಗ ಆ ಪರಿಚಯ ನೂರಕ್ಕೆ 50ರಷ್ಟಾದರೂ ಕೈ ಹಿಡಿಯುತ್ತದೆ ಅಂತ ನಾನು ಕಲಿತದ್ದು ಆಗ.

ಮಳೆಗಾಲದ ಬೆಡ್‌ಶೀಟು

ದೂರದಿಂದ ನೋಡುವವರಿಗೆ ಗೊತ್ತಾಗದ ಸಣ್ಣ ವಿಷಯಗಳೇ ಇಲ್ಲಿ ದೊಡ್ಡವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಹಗ್ಗದ ಮೇಲೆ ಎರಡು ದಿನ ಹಾಕಿದರೂ ಬೆಡ್‌ಶೀಟಿನ ಅಂಚು ತಣ್ಣಗೇ ಇರುತ್ತದೆ. ಕಮಟು ವಾಸನೆ ಬರುತ್ತದೆ. ಒಂದು ವಾರ ಬಾಗಿಲು ಹಾಕಿಟ್ಟ ರೂಮಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ದಿಂಬಿಗೂ ಹಿಡಿಯುತ್ತದೆ. ಸೋಲಾರ್ ನೀರು ಬಿಸಿಯಾಗಲ್ಲ. ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ಬಂದೀತು? ಹೆಚ್ಚು ಜನ ಬರುವ ತಿಂಗಳುಗಳೂ ಇವೇ. ಬೆಳಗಿನ ಜಾವ ರೈಲು ಇಳಿದವರು ಐದು ಗಂಟೆಗೆ ಬಾಗಿಲಲ್ಲಿ ನಿಂತು "ಬಿಸಿನೀರು ಬರ್ತಿಲ್ಲ" ಅಂತ ಫೋನ್ ಮಾಡಿದರೆ ಬೆಂಗಳೂರಿನಲ್ಲಿರುವ ಅಕ್ಕನ ಮಗ ಏನು ಮಾಡುತ್ತಾನೆ? ನನಗೆ ಫೋನ್ ಮಾಡುತ್ತಾನೆ. ಇದನ್ನು ಅವನಿಗೆ ನೇರವಾಗಿಯೇ ಹೇಳಿದೆ. ಅವನು ನಕ್ಕ, ಆದರೆ ಇಲ್ಲ ಅನ್ನಲಿಲ್ಲ.

ಈ ಕೆಲಸ ಚೆನ್ನಾಗಿ ಮಾಡುವವರನ್ನು ನಾನು ನೋಡಿದ್ದೇನೆ. ನಮ್ಮ ಪಕ್ಕದ ಕ್ರಾಸಿನಲ್ಲಿ ಒಬ್ಬ ರಿಟೈರ್ಡ್ ಮೇಡಂ ಇದ್ದಾರೆ. ಕೆಳಗೆ ಅವರ ಮನೆ, ಮೇಲೆ ಎರಡು ರೂಮು. ಬರುವವರ ಮುಖ ನೋಡುತ್ತಾರೆ, ಆಧಾರ್ ಜೆರಾಕ್ಸ್ ತೆಗೆದುಕೊಳ್ಳುತ್ತಾರೆ, ಅವಲಕ್ಕಿ ಮಾಡಿ ಕೊಡುತ್ತಾರೆ. ಆ ಎರಡು ರೂಮುಗಳಿಗೆ ವರ್ಷ ವರ್ಷ ಅದೇ ಪರೀಕ್ಷಕರು, ಅದೇ ಕುಟುಂಬಗಳು ಬರುತ್ತವೆ. ಆ್ಯಪ್ ಇಲ್ಲ, ಕಮಿಷನ್ ಇಲ್ಲ. ಅವರಿಗೆ ಅದರಿಂದ ಆದಾಯ ಇದೆ, ಯಾಕೆಂದರೆ ಅವರು ಅಲ್ಲಿದ್ದಾರೆ. ಅಲ್ಲಿದ್ದು ಮಾಡುವ ಕೆಲಸದ ಫಲವನ್ನು ಅಲ್ಲಿಲ್ಲದವನು ಬಂಡವಾಳದ ಲಾಭ ಅಂತ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇದು ಈ ಇಡೀ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಮಾತು.

ಎದುರು ಮನೆಯ ಬೋರ್ಡು

ಕಳೆದ ಮಳೆಗಾಲದ ಒಂದು ಸಂಜೆ. ಎದುರು ಮನೆಯ ಗೇಟಿನ ಮುಂದೆ ಒಬ್ಬ ಗಂಡಸು, ಒಂದು ಹುಡುಗಿ ಒಂದೇ ಕೊಡೆಯಲ್ಲಿ ನಿಂತಿದ್ದರು. ಆ ಮನೆಯಲ್ಲಿ ಮೊದಲು ಎಂಟು ಹತ್ತು ಹುಡುಗಿಯರು ಇರುತ್ತಿದ್ದರು. ಆ ವರ್ಷ ಅದನ್ನು ದಿನಬಾಡಿಗೆಗೆ ಮಾಡಿದ್ದರು. ಅವರು ಬೋರ್ಡು ಓದಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ರೇಟು ಕೇಳಿ ಸುಮ್ಮನಾದರು. ನಾನು ಗೇಟು ತೆಗೆದು ಒಳಗೆ ಕರೆದೆ. ಹೊಸನಗರದ ಕಡೆಯವರು. ಎರಡು ಎಕರೆ ಅಡಿಕೆ ತೋಟ, ಕೊಳೆ ರೋಗ ಬಂದು ಆ ಸಲ ಕಾಯಿ ಉದುರಿತ್ತು. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. "ಸರ್ಕಾರದ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಿದೀವಮ್ಮ. ಲಿಸ್ಟು ಇನ್ನೂ ಬಿಟ್ಟಿಲ್ವಂತೆ. ಕ್ಲಾಸು ಶುರು ಆಗೋಯ್ತು. ಬೆಳಗ್ಗಿಂದ ತಿರುಗ್ತಾ ಇದೀವಿ, ರೂಮೇ ಇಲ್ಲ" ಅಂದರು. ಹುಡುಗಿ ಒಂದು ಮಾತೂ ಆಡಲಿಲ್ಲ. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು, ಅಷ್ಟು ನೆನೆದಿದ್ದಳು.

ನಮ್ಮ ಮಹಡಿ ಆಗಲೇ ತುಂಬಿತ್ತು. ಮೇಲಿನ ಹುಡುಗಿಯರನ್ನು ಕೇಳಿದೆ. ಇನ್ನೊಂದು ಹಾಸಿಗೆ ಹಾಕಿಕೊಳ್ಳುತ್ತೇವೆ ಅಂದರು. ಅಪ್ಪ ಅಡ್ವಾನ್ಸ್ ವಿಷಯ ಎತ್ತಿ, "ಕೊನೆಕೊಯ್ಲು ಆದಮೇಲೆ ಕೊಟ್ಟರೆ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. ಲಿಸ್ಟು ಬಂದ ಮೇಲೂ ಅವಳು ಹಾಸ್ಟೆಲಿಗೆ ಹೋಗಲಿಲ್ಲ, ಇಲ್ಲೇ ಇದ್ದಾಳೆ. ಅವಳ ಅಪ್ಪ ಬಂದಾಗಲೆಲ್ಲ ತೋಟದ ಬಾಳೆಗೊನೆ ತರುತ್ತಾರೆ. ಆದರೆ ಎಲ್ಲ ಮನೆಯ ಮಹಡಿಯಲ್ಲೂ ಇನ್ನೊಂದು ಹಾಸಿಗೆಗೆ ಜಾಗ ಇರುವುದಿಲ್ಲ ಅಲ್ವಾ? ಎದುರು ಮನೆಯಲ್ಲಿ ಆ ವಾರ ಎರಡೇ ರಾತ್ರಿ ಲೈಟು ಉರಿದದ್ದು. ಹತ್ತು ಹುಡುಗಿಯರು ಓದಬೇಕಾದ ಮನೆ ವಾರದಲ್ಲಿ ಐದು ದಿನ ಕತ್ತಲಲ್ಲಿ ಇರುವುದು ನನಗೆ ಸರಿ ಅನಿಸುವುದಿಲ್ಲ. ಅವರ ಮನೆ, ಅವರ ಇಷ್ಟ ಅಂತ ಹೇಳುವವರು ಇದ್ದಾರೆ. ಹೌದು, ಅವರ ಮನೆಯೇ. ಆದರೆ ಆ ಬೀದಿಗೆ ಬೆಲೆ ಬಂದದ್ದು ಕಾಲೇಜಿನಿಂದ. 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಾರದೆ ಹೋಗಿದ್ದರೆ ನವುಲೆಯಲ್ಲಿ ನಾವ್ಯಾರೂ ಮಹಡಿ ಮೇಲೆ ಮಹಡಿ ಕಟ್ಟುತ್ತಿರಲಿಲ್ಲ. ಸೊರಬ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಿಂದ ಬಂದ ಮಕ್ಕಳೇ ನಮ್ಮ ಮನೆಗಳ ಸಾಲ ತೀರಿಸಿದ್ದು. ಅವರಿಗೇ ಜಾಗ ಇಲ್ಲ ಅನ್ನುವ ಹಾಗಾದರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ಬೇಡವೇ?

ಬೇಡ ಅಂತ ನಾನು ಅವನಿಗೆ ಹೇಳಿಲ್ಲ. ಬೇರೆ ಥರ ನೋಡು ಅಂದೆ. ಒಂದು ರಾತ್ರಿ ಮತ್ತು ಒಂದು ವರ್ಷ ಇವೆರಡರ ನಡುವೆ ಉಳಿಯಬೇಕಾದವರು ಈ ಊರಿನಲ್ಲಿ ತುಂಬಾ ಜನ ಇದ್ದಾರೆ. ಅವರ ಕಡೆ ಯಾರೂ ಸರಿಯಾಗಿ ಗಮನ ಕೊಟ್ಟಿಲ್ಲ. ಮೆಗ್ಗಾನ್ ಆಸ್ಪತ್ರೆಗೆ ಸುತ್ತಲಿನ ಎಲ್ಲ ತಾಲ್ಲೂಕುಗಳಿಂದ ಜನ ಬರುತ್ತಾರೆ. ಆಪರೇಷನ್ ಆದವರ ಮನೆಯವರು ಹತ್ತು ಹದಿನೈದು ದಿನ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಇಂಟರ್ನ್‌ಶಿಪ್‌ಗೆ ಬರುವ ಹುಡುಗರಿಗೆ ಎರಡು ಮೂರು ತಿಂಗಳ ಮನೆ ಬೇಕು. ಹೊಸದಾಗಿ ವರ್ಗವಾಗಿ ಬಂದ ನೌಕರರಿಗೆ ಸಂಸಾರ ತರುವವರೆಗೆ ಒಂದು ತಿಂಗಳು ಬೇಕು. ಇವರಿಗೆ ವಾರದ ಲೆಕ್ಕ, ತಿಂಗಳ ಲೆಕ್ಕ ಸಾಕು. ಒಂದು ಸಣ್ಣ ಅಡುಗೆಮನೆ, ಗಂಜಿ ಮಾಡಿಕೊಳ್ಳಲು ಒಲೆ, ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ ಇದ್ದರೆ ಅವರು ಸಂತೋಷವಾಗಿ ಇರುತ್ತಾರೆ. ಜನ ಬದಲಾಗುವುದು ಕಡಿಮೆ, ಹಾಗಾಗಿ ಒಗೆಯುವ ಖರ್ಚೂ ಕಡಿಮೆ. ಆಸ್ಪತ್ರೆಗೆ ಸೀಸನ್ ಇಲ್ಲ.

ಅದರಲ್ಲೂ ಒಂದು ಷರತ್ತು ಹಾಕಿದ್ದೇನೆ. ಪಕ್ಕದಲ್ಲೇ ಇದ್ದು ನೋಡಿಕೊಳ್ಳುವ ಒಂದು ಕುಟುಂಬ ಬೇಕು. ಅವರಿಗೆ ಸಂಬಳದ ಬದಲು ಆದಾಯದಲ್ಲಿ ಪಾಲು ಕೊಡಬೇಕು. ಸಾಲ ಪೂರ್ತಿ ಮಾಡಬಾರದು. 30 ಲಕ್ಷಕ್ಕೆ 20 ವರ್ಷಕ್ಕೆ, ಬಡ್ಡಿ ನೂರಕ್ಕೆ ಎಂಟೂವರೆ ಇದ್ದರೂ ಕಂತು 26,000 ದಾಟುತ್ತದೆ. ಈ ಊರಿನ ಯಾವ ಎರಡು ಬೆಡ್‌ರೂಮಿನ ಮಹಡಿಯೂ ಪ್ರಾಮಾಣಿಕವಾಗಿ ಅಷ್ಟು ದುಡಿಯುವುದಿಲ್ಲ. ಕೈಯಲ್ಲಿರುವ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟು ಚಿಕ್ಕ ಮನೆ ಸಾಕು ಅಂದೆ. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಆಸ್ಪತ್ರೆ ಹಿಂದಿನ ಬೀದಿಗಳಲ್ಲಿ ಹಳೇ ಹೆಂಚಿನ ಮನೆ ಸಿಗಬಹುದಾ ಚಿಕ್ಕಮ್ಮ?" ಅಂತ ಕೇಳಿದ. ಅಂಥ ಎರಡು ಮನೆ ನೋಡಿಟ್ಟಿದ್ದೇನೆ. ಒಂದರ ಖಾತೆ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದೆ, ಅದು ಇತ್ಯರ್ಥ ಆಗಬೇಕು. ಇನ್ನೊಂದರಲ್ಲಿ ಬಾವಿ ಇದೆ, ಬೇಸಿಗೆಯಲ್ಲೂ ನೀರಿರುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ದೀಪಾವಳಿಗೆ ಬಂದಾಗ ಅವನಿಗೆ ಎರಡನ್ನೂ ತೋರಿಸುತ್ತೇನೆ.